ಒಂದು ಅಡ್ಡಗೆರೆಯ ಸಮಾಚಾರ

ಮೆಂಗ್ ಜುನ್‌ಹಿ ಸಾಹೇಬರ ಮೇಜಿನ ಮೇಲಿದ್ದ ಹೆಸರಿನ ಹಲಗೆಯನ್ನು ನೋಡಿದವರು ಈ ಮನುಷ್ಯ ಒಂದು ಪ್ರಾಂತ್ಯವನ್ನೇ ಆಳುತ್ತಿರಬೇಕು ಅಂದುಕೊಳ್ಳುತ್ತಿದ್ದರು. ಅವರು ಆಳುತ್ತಿದ್ದದ್ದು ಇಂಚೊನ್ ಬಂದರಿನ ಮೇಲುಗಡೆ, ದೋಲ್ಸೆಮ್‌ಗೋಲ್ ಎಂಬ ಏರುದಾರಿಯ ಬಡಾವಣೆಯ ಕಚೇರಿಯಲ್ಲಿ ಒಂದು ಮೇಜು, ಒಂದು ಕುರ್ಚಿ, ಒಂದು ಕಂಪ್ಯೂಟರು, ಅಷ್ಟೇ. ಹಲಗೆ ಮಾತ್ರ ಮಂತ್ರಿಗಳಿಗೆ ಒಪ್ಪುವಂಥದು. ಕಪ್ಪಗೆ ಮಿರುಗುವ ಮರ, ಅದರಲ್ಲಿ ಸಮುದ್ರದ ಚಿಪ್ಪನ್ನು ಚೂರುಚೂರಾಗಿ ಕೊರೆದು ಕೂಡಿಸಿ ಬರೆಸಿದ ಹೆಸರು, ಎಡಕ್ಕೊಂದು ಬಲಕ್ಕೊಂದು ಡ್ರಾಗನ್.

ಆ ಹಲಗೆ ಮಾಡಿದ ಬಡಪಾಯಿಯನ್ನು ಸಾಹೇಬರು ತಿಂಗಳುಗಟ್ಟಲೆ ಅಲೆಸಿದ್ದರು. ಕಾರಣ, ಅವರ ಹೆಸರಿನ ಕೊನೆಯ 'ಹಿ'. ಅಲ್ಲಿಯ ಬರಹದಲ್ಲಿ ಈ ಹಿ ಎರಡು ಬಗೆ. ಪಕ್ಕದಲ್ಲಿ ಬರಿಯ ನಿಲುಗೆರೆ ಎಳೆದರೂ ಹಿ. ನಿಲುಗೆರೆಯ ಜೊತೆಗೆ ಕೆಳಗೊಂದು ಅಡ್ಡಗೆರೆ ಎಳೆದರೂ ಬಾಯಲ್ಲಿ ಬರುವುದು ಅದೇ ಹಿ. ಅಡ್ಡಗೆರೆಯಿದ್ದರೆ ಮರ್ಯಾದಸ್ತರ ಹೆಸರು. ಇಲ್ಲದಿದ್ದರೆ ಯಾರೋ ಕೈ ಅಡ್ಡ ಹಿಡಿದು ಕಿಸಕ್ಕನೆ ನಕ್ಕ ಸದ್ದು. ಮೊದಲ ಸಲ ಆ ಕೆಲಸಗಾರ ಅಡ್ಡಗೆರೆಯ ಚೂರನ್ನು ಕೂರಿಸಲು ಮರೆತಿದ್ದ.

"ಏನಯ್ಯಾ ಇದು? ನಾನೇನು ಹಿ ಹಿ ಅಂತ ಹಲ್ಲು ಕಿರಿಯೋ ಕೋಡಂಗಿಯಾ?" ಎಂದು ಸಾಹೇಬರು ಬೀದಿಗೆ ಕೇಳುವಂತೆ ಕೂಗಿದ್ದರು. "ಒಂದು ಗೆರೆ ಹೋದ್ರೆ ಒಬ್ಬ ಮನುಷ್ಯನ ಮಾನವೇ ಹೋಯ್ತು, ತಿಳ್ಕೋ!"

ಈ ಮಾತನ್ನು ನೆನಪಿಟ್ಟುಕೊಳ್ಳಬೇಕು. ಆಡಿದವರು ಮರೆತರು.

ಸಾಹೇಬರ ಪೂರ್ವಚರಿತ್ರೆ ದೊಡ್ಡದೇನಲ್ಲ. ಉಪ್ಪಿನ ಗದ್ದೆಯ ಮೇಸ್ತ್ರಿಯೊಬ್ಬನ ಎರಡನೆಯ ಮಗ. ಯಾರದೋ ಕೈಕಾಲು ಹಿಡಿದು ಕಚೇರಿ ಸೇರಿದಾಗ ಅಲ್ಲಿ ಎಲ್ಲವೂ ಕೈಬರಹ, ಇವರ ಕೈಬರಹವೋ ಕೋಳಿ ಕೆದರಿದ ತಿಪ್ಪೆ. ಒಂದು ಹೆಸರು ಬರೆಯುವಷ್ಟರಲ್ಲಿ ಎರಡು ಕಡೆ ಮಸಿ ಚೆಲ್ಲುತ್ತಿತ್ತು. "ನಿನ್ನ ಕೈಗೆ ಪೆನ್ನು ಕೊಡೋದಕ್ಕಿಂತ ಕೋಳಿ ಕಾಲಿಗೆ ಮಸಿ ಹಚ್ಚಿ ಬಿಡೋದು ವಾಸಿ ಕಣೋ ಮೆಂಗ್" ಎಂದು ಹಿಂದಿನ ದೊಡ್ಡ ಸಾಹೇಬರು ಜನರ ಮುಂದೆಯೇ ಹೇಳುತ್ತಿದ್ದರು. ಅದನ್ನು ಕೇಳಿ ಜನ ನಗುತ್ತಿದ್ದರು. ಮೆಂಗ್ ತಲೆ ತಗ್ಗಿಸಿ ಒತ್ತುಕಾಗದ ಹುಡುಕುತ್ತಿದ್ದ. ಆಗ ಅವನ ಮೇಲೆ ಸ್ವಲ್ಪ ಕನಿಕರವಾದರೂ ಹುಟ್ಟುವಂತಿತ್ತು. ಆ ಕನಿಕರಕ್ಕೆ ಅವನು ಮುಂದೆ ಜಾಗ ಉಳಿಸಲಿಲ್ಲ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಕಂಪ್ಯೂಟರು ಬಂತು. ಕಲಿಯಲು ರಾಜಧಾನಿಗೆ ಯಾರಾದರೂ ಹೋಗಬೇಕಿತ್ತು. ಕೆಲಸ ಬಲ್ಲವರಿಗೆ ಬಿಡುವಿರಲಿಲ್ಲ, ಹಾಗಾಗಿ ಮೆಂಗ್‌ನನ್ನು ಕಳಿಸಿದರು. ಹೋಗುವಾಗ ಮೆಂಗ್, ಬರುವಾಗ ಮೆಂಗ್ ಸಾಹೇಬರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವರು ಆ ಕೊಡೆಯನ್ನು ಮತ್ತೆ ಮಡಚಲೇ ಇಲ್ಲ.

ರಾಜಧಾನಿಯಲ್ಲಿ ಅವರು ಕಲಿತು ಬಂದ ವಿದ್ಯೆ ಇಷ್ಟು. ಅಲ್ಲಿಯ ಅಕ್ಷರ ನಮ್ಮ ಕಾಗುಣಿತದ ಹಾಗೆ ಜೋಡಣೆಯದು. ವ್ಯಂಜನದ ಒಂದು ತುಂಡು, ಸ್ವರದ ಗೆರೆಗಳು, ಬೇಕಾದರೆ ಕಾಲಡಿಗೆ ಇನ್ನೊಂದು ವ್ಯಂಜನ. ಮೂರನ್ನೂ ಒಂದು ಚೌಕದಲ್ಲಿ ಕೂರಿಸಿದರೆ ಒಂದು ಅಕ್ಷರ. ಇಪ್ಪತ್ತು ಚಿಲ್ಲರೆ ತುಂಡು ಗೊತ್ತಿದ್ದ ಕೂಲಿಯವನೂ ಬಾಯಿಗೆ ಬಂದದ್ದನ್ನು ಬರೆಯಬಹುದು. ಯಂತ್ರಕ್ಕೆ ಮಾತ್ರ ಅಕ್ಷರ ಗೊತ್ತಿಲ್ಲ, ಸಂಖ್ಯೆ ಗೊತ್ತು. ತುಂಡುಗಳಿಗೆ ಸಂಖ್ಯೆ ಕೊಟ್ಟು ಬೇಕಾದಂತೆ ಜೋಡಿಸಿಕೊಳ್ಳಿ ಅಂದವರಿದ್ದರು. ಬೇಡ, ಜೋಡಿಸಿ ಮುಗಿದ ಅಕ್ಷರಗಳಿಗೇ ಒಂದೊಂದು ಸಂಖ್ಯೆ ಕೊಡೋಣ ಅಂದವರೂ ಇದ್ದರು, ಗೆದ್ದವರು ಅವರು. ಮನೆಯಲ್ಲಿ ಹಿಟ್ಟಿದ್ದರೆ ಬೇಕಾದ ರೊಟ್ಟಿ ತಟ್ಟಬಹುದು; ಇವರು ಹಿಟ್ಟನ್ನು ಆಚೆಗಿಟ್ಟು, ತಟ್ಟಿದ್ದ ರೊಟ್ಟಿಗಳನ್ನಷ್ಟೇ ಎಣಿಸಿ ಬುಟ್ಟಿಗೆ ತುಂಬಿದರು. ಹನ್ನೊಂದು ಸಾವಿರಕ್ಕೂ ಮಿಕ್ಕಿ ಅಕ್ಷರ ಆಗುವ ಕಡೆ ಬುಟ್ಟಿಯಲ್ಲಿ ಬಿದ್ದದ್ದು ಎರಡು ಸಾವಿರದ ಮುನ್ನೂರೈವತ್ತು. ದಿನಬಳಕೆಗೆ ಸಾಕು ಎಂದು ಯಾರೋ ದೊಡ್ಡವರು ಲೆಕ್ಕ ಹಾಕಿದ್ದರು. ಯಾರ ದಿನ, ಯಾರ ಬಳಕೆ ಎಂದು ದೋಲ್ಸೆಮ್‌ಗೋಲ್‌ನವರನ್ನು ಯಾರೂ ಕೇಳಿರಲಿಲ್ಲ.

ದೊಡ್ಡವರ ಲೆಕ್ಕ ಏನೇ ಇರಲಿ, ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ ನಡುವೆ ಕೂತಿದ್ದವರು ಮೆಂಗ್ ಸಾಹೇಬರು. ಬೇರೆ ಕಚೇರಿಗಳಲ್ಲಿ ಬುಟ್ಟಿಯಲ್ಲಿಲ್ಲದ ಅಕ್ಷರ ಬಂದರೆ ಜಾಗ ಖಾಲಿ ಬಿಟ್ಟು ಕೈಯಲ್ಲಿ ಬರೆದುಕೊಡುತ್ತಿದ್ದರು. ಇವರಿಗೆ ಕೈಬರಹ ಎಂದರೆ ಮೈಯೆಲ್ಲ ಮುಳ್ಳು. ತಮ್ಮ ಪೆನ್ನಿನ ಮಾನ ಕಾಯಲು ಇವರು ಜನರ ಹೆಸರು ಕೊಯ್ಯುತ್ತಿದ್ದರು. ಯಂತ್ರದಲ್ಲಿ ಇಲ್ಲದ್ದು ಭಾಷೆಯಲ್ಲೂ ಇಲ್ಲ ಎಂಬುದು ಅವರ ಸಿದ್ಧಾಂತ. ಥೂ, ಅನ್ನಬೇಕು ಇಂಥ ಸಿದ್ಧಾಂತಕ್ಕೆ.

ಕಚೇರಿಯ ಹಿಂದೆ ಮೆಟ್ಟಿಲಿಳಿದರೆ ಸಂತೆಗಲ್ಲಿ. ಅಲ್ಲಿ ಸೋಯಾ ಹಾಲು ಒಡೆದು ತೋಫು ಗಿಣ್ಣು ಮಾಡಿ ಮಾರುವ, ಬಿಸಿ ತೋಫು ಸಾರು ಬಡಿಸುವ ಹೆಂಗಸಿನ ಹೆಸರು ತಾಕ್ ಸೊಲ್ಮಿ. ಗಂಡ ಸತ್ತು ಬಹಳ ವರ್ಷ, ಮಕ್ಕಳಿಲ್ಲ. ಉತ್ತರದ ಗಡಿ ನದಿಯ ದಂಡೆಯಲ್ಲಿ ಹುಟ್ಟಿದವಳು. ಜಪಾನಿನವರು ಸೋತು ಹೋದ ವರ್ಷ ತಾಯಿಯ ಸೊಂಟಕ್ಕೆ ಕಟ್ಟಿದ ಹಗ್ಗ ಹಿಡಿದು ದಕ್ಷಿಣಕ್ಕೆ ನಡೆದು ಬಂದವಳು. ಅಣ್ಣ ನದಿಯ ಆಚೆ, ಚೀನಾದ ಕಡೆ, ಚಿಕ್ಕಪ್ಪನ ಹೊಲದಲ್ಲಿ ಉಳಿದ. ಆಮೇಲೆ ಗಡಿ ಮುಚ್ಚಿತು, ಯುದ್ಧ ಬಂತು, ಸುದ್ದಿ ನಿಂತಿತು. ಅವಳ ಹೆಸರಿನ ಕೊನೆಯ 'ಮಿ'ಗೂ ಸಾಹೇಬರ 'ಹಿ'ಗೆ ಇದ್ದಂತೆಯೇ ಕೆಳಗೊಂದು ಅಡ್ಡಗೆರೆ. ಆದರೆ ಸಾಹೇಬರ ಹಿ ಬುಟ್ಟಿಯಲ್ಲಿತ್ತು, ಅವಳ ಮಿ ಇರಲಿಲ್ಲ.

ಬಡಾವಣೆಯವರ ಹೆಸರುಗಳನ್ನೆಲ್ಲ ಯಂತ್ರಕ್ಕೆ ತುಂಬಿಸುವ ಕಾಲದಲ್ಲಿ ಅವಳನ್ನು ಕರೆಸಿದ್ದರು. ಸಾಹೇಬರು ಬೆರಳಿನಿಂದ ಒತ್ತಿದರು. ವ್ಯಂಜನವೂ ಅಡ್ಡಗೆರೆಯೂ ಕೂಡಿ ಒಂದು ಚೌಕದಲ್ಲಿ ನಿಂತವು. ನಿಲುಗೆರೆ ಒತ್ತಿದೊಡನೆ ಯಂತ್ರ ಟಿಂಗ್ ಎಂದಿತು, ಗೆರೆ ಬೇರೆಯಾಗಿ ಪಕ್ಕದ ಚೌಕಕ್ಕೆ ಹೋಗಿ ಒಂಟಿಯಾಗಿ ನಿಂತಿತು.

"ಅಜುಮ್ಮಾ, ಈ ಅಕ್ಷರ ಇಲ್ಲ." ನಡುವಯಸ್ಸಿನ ಹೆಂಗಸರನ್ನು ಅಲ್ಲಿ ಅಜುಮ್ಮಾ ಎಂದೇ ಕರೆಯುವುದು.

"ಇಲ್ಲ ಅಂದ್ರೆ? ನಾನಿಲ್ವಾ ಇಲ್ಲಿ?"

"ನೀವಿದೀರಮ್ಮ, ಅಕ್ಷರ ಇಲ್ಲ. ಮಿ ತಾನೇ ಬೇಕು? ಇಗೋ, ಅಡ್ಡಗೆರೆ ಇಲ್ಲದ ಮಿ ಇದೆ. ಕಿವಿಗೆ ಎರಡೂ ಒಂದೇ. ಒಂದು ಗೆರೆಗೆ ಯಾಕೆ ಪ್ರಾಣ ಬಿಡ್ತೀರಾ?"

ತಾಕ್ ಸೊಲ್ಮಿ ಸುಮ್ಮನಿರುವವಳಲ್ಲ. "ಒಂದು ಗೆರೆ ಅಂತೀರಲ್ಲ ಸಾಹೇಬ್ರೇ, ಜಪಾನಿನೋರು ಊರಿಗೂರೇ ಹೆಸರು ಬದಲಾಯಿಸಿದಾಗ ನಮ್ಮಪ್ಪ ಒಲೆ ಬೂದಿ ಹರಡಿ, ನನ್ನ ಬೆರಳು ಹಿಡಿದು ಬರೆಸಿದ್ದು ಈ ಹೆಸರು. ನನಗೆ ಓದು ಬರಲ್ಲ. ಬರೋದು ಇದೊಂದೇ. ನಮ್ಮಣ್ಣಂಗೂ ಅದೇ ಬೂದಿಲಿ ಬರೆಸಿದಾರೆ. ಅವನು ನಾಳೆ ನನ್ನ ಹುಡುಕ್ಕೊಂಡು ಬಂದ್ರೆ ಈ ಗೆರೆ ಇಟ್ಕೊಂಡೇ ಬರ್ತಾನೆ."

"ಬರ್ಲಿ ಬಿಡಿ. ಬಂದಾಗ ಒಂದು ಗೆರೆ ಎಳೆದುಕೊಡೋಣ" ಎಂದು ಸಾಹೇಬರು ನಕ್ಕು ಗುಂಡಿ ಒತ್ತಿದರು. ಗೆರೆ ಹೋಯಿತು.

ಗೆರೆ ಹೋದರೆ ಗೆರೆಯಷ್ಟೇ ಹೋಗಲಿಲ್ಲ. ಅಡ್ಡಗೆರೆಯಿದ್ದ ಸೊಲ್ಮಿ ಎಂದರೆ ಹಳೆಯ ಮಾತಿನಲ್ಲಿ ಚುರುಕು ಕಣ್ಣಿನವಳು, ಒಮ್ಮೆ ನೋಡಿದ್ದನ್ನು ಕಲಿತುಬಿಡುವವಳು. ಗೆರೆಯಿಲ್ಲದ ಸೊಲ್ಮಿಯನ್ನು ನೋಡಿದವರಿಗೆ ನೆನಪಾಗುವುದು ಸೊಲ್ಮಿಜಿಗುನ್ ಎಂಬ ಮಾತು, ಅಂದರೆ ಅರೆಬೆಂದು ಉಗುರುಬೆಚ್ಚಗಾದ ಅಡುಗೆ. ಅಡುಗೆ ಮಾರುವವಳಿಗೆ ಇದಕ್ಕಿಂತ ಹೀನ ಹೆಸರು ಬೇಕೆ? ಹೊಸ ಗುರುತಿನ ಚೀಟಿ ಬಂದ ದಿನ ಪಕ್ಕದ ಅಂಗಡಿಯ ಮೀನಿನ ಒಕ್‌ಬುನ್ ಅದನ್ನು ಓದಿ, "ಅಯ್ಯೋ ಅಕ್ಕ, ಸರ್ಕಾರವೇ ಬರೆದುಕೊಟ್ಟಿದೆ, ನಿನ್ನ ತೋಫು ಅರೆಬೆಂದದ್ದು ಅಂತ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಸೊಲ್ಮಿ ನಗಲಿಲ್ಲ. ಚೀಟಿಯನ್ನು ಉಪ್ಪಿನ ಡಬ್ಬಿಯ ತಳಕ್ಕೆ ತುರುಕಿದಳು. ಆಮೇಲೆ ಸಂತೆಯಲ್ಲಿ ಅವಳ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ತೋಫು ಅಜುಮ್ಮಾ ಎಂದರೆ ಸಾಕಾಗುತ್ತಿತ್ತು.

ಮೆಂಗ್ ಸಾಹೇಬರು ದಿನವೂ ಮಧ್ಯಾಹ್ನ ಅವಳ ಅಂಗಡಿಯಲ್ಲೇ ಉಣ್ಣುತ್ತಿದ್ದರು, ಅದೂ ಪುಕ್ಕಟೆ. ಕಚೇರಿಯವರಿಂದ ಕಾಸು ಕೇಳುವ ಧೈರ್ಯ ಸಂತೆಗಲ್ಲಿಯಲ್ಲಿ ಯಾರಿಗಿತ್ತು? ತಮಗೆ ಅನ್ನ ಹಾಕುವವರ ಹೆಸರನ್ನು ನೆನಪಿಟ್ಟುಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ.

ತೊಂಬತ್ತಮೂರರ ಬೇಸಿಗೆಯ ಮೊದಲಲ್ಲಿ, ಒಂದು ಬೆಳಿಗ್ಗೆ, ಮುದುಕನೊಬ್ಬ ಕಚೇರಿಯ ಬಾಗಿಲಲ್ಲಿ ಚಪ್ಪಲಿ ಬಿಚ್ಚಬೇಕೋ ಬೇಡವೋ ಎಂದು ಅನುಮಾನಿಸುತ್ತ ನಿಂತ. ಚೀನಾದ ಹಡಗುಗಳು ಇಂಚೊನ್‌ಗೆ ಬರಲು ಶುರುವಾದ ಮೇಲೆ ಅಂಥ ಮುದುಕರು ಕಣ್ಣಿಗೆ ಬೀಳುತ್ತಿದ್ದರು. ನೀಲಿ ಟೊಪ್ಪಿಗೆ, ಬೆನ್ನ ಮೇಲೆ ಬೇರುನಾರಿನ ಗಂಟು, ಬಾಯಲ್ಲಿ ಐವತ್ತು ವರ್ಷ ಹಿಂದಿನ ಉತ್ತರದ ಮಾತು. ಇವನ ಹೆಸರು ತಾಕ್ ಹ್ಯೊನ್. ರಾಜಧಾನಿಯ ಬೀದಿಯಲ್ಲಿ ಬೇರು ಮಾರಿ, ಕಂಡಕಂಡವರನ್ನು ಕೇಳಿ, ಕೊನೆಯ ದಿನ ಇಲ್ಲಿಗೆ ಬಂದಿದ್ದ. ಇರಲು ಕೊಟ್ಟಿದ್ದ ಅನುಮತಿ ಅಂದಿಗೆ ಮುಗಿಯುತ್ತಿತ್ತು.

"ತಂಗಿನ್ನ ಹುಡುಕ್ಕೋತ ಬಂದೀನ್ರೀ ಸಾಹೇಬ್ರ" ಎಂದು ಸೊಂಟ ಬಗ್ಗಿಸಿದ. "ನಿಮ್ಮ ಬಡಾವಣ್ಯಾಗ ತಾಕ್ ಮನೆತನದ ಹೆಣ್ಮಗಳೊಬ್ಬಾಕಿ ಅದಾಳಂತ ಕೇಳೀನಿ. ಹೆಸ್ರು ಬರಕೊಂಡು ಬಂದೀನಿ, ನೋಡ್ರಿ."

ಕಾಗದದ ಮೇಲೆ ಕುಂಚದಲ್ಲಿ, ಕೈಯಗಲದ ಅಕ್ಷರಗಳಲ್ಲಿ, ತಾಕ್ ಸೊಲ್ಮಿ ಎಂದು ಬರೆದಿತ್ತು. ಕೊನೆಯ ಅಕ್ಷರದ ಅಡ್ಡಗೆರೆ ತೊಲೆಯ ಹಾಗೆ ದಪ್ಪ. ಸಾಹೇಬರು ಆಕಳಿಸುತ್ತ ಗುಂಡಿ ಒತ್ತಿದರು. ಯಂತ್ರ ಟಿಂಗ್ ಎಂದಿತು.

"ಇಲ್ಲ."

"ಇಲ್ಲಂದ್ರ... ಈ ಊರಾಗ ಇಲ್ಲೋ, ಸತ್ತಾಳೋ?"

"ಅಜ್ಜ, ಇಂಥ ಹೆಸರಿನೋರು ಈ ದೇಶದಲ್ಲೇ ಇಲ್ಲ. ಅಕ್ಷರವೇ ಇಲ್ಲ ಅಂದ್ಮೇಲೆ ಮನುಷ್ಯರು ಎಲ್ಲಿಂದ ಬರ್ತಾರೆ?"

"ಅಕ್ಷರ ಇಲ್ಲಂದ್ರ ಹ್ಯಾಂಗ್ರೀ? ನಾ ಬರದೀನಲ್ರೀ ಇಲ್ಲೇ."

"ನೀವು ಗೀಚಿದ್ದೆಲ್ಲ ಅಕ್ಷರ ಆಗಲ್ಲ. ಅಲ್ಲಿ ಹಳ್ಳಿ ಕಡೆ ಏನು ಕಲಿಸ್ತಾರೋ ಏನೋ. ಮುಂದಿನೋರು ಯಾರು, ಬನ್ನಿ!"

ಮುದುಕ ಇನ್ನೊಮ್ಮೆ ಸೊಂಟ ಬಗ್ಗಿಸಿದ. ಕಚೇರಿ ಇಲ್ಲವೆಂದರೆ ಇಲ್ಲವೆಂದೇ ನಂಬಿ ಬದುಕಿದವನು ಅವನು. ಸಂತೆಗೆ ಇಳಿದು ಇನ್ನೊಬ್ಬರನ್ನು ಕೇಳಬೇಕು ಎಂದು ಅವನಿಗೆ ಹೊಳೆಯಲಿಲ್ಲ. ಆದರೂ ಮನಸ್ಸು ತಡೆಯದೆ, ಕಚೇರಿಯ ಹೊರಗೋಡೆಯ ಬಳಿ ಕುಳಿತು, ಹೆಸರಿನ ಕೆಳಗೆ ಎರಡು ಸಾಲು ಸೇರಿಸಿದ. ಬುತ್ತಿಯ ಡಬ್ಬಿಯಿಂದ ನಾಲ್ಕು ಅಗುಳು ಅನ್ನ ತೆಗೆದು ಕಾಗದದ ಮೂಲೆಗಳಿಗೆ ಒತ್ತಿ ಗೋಡೆಗೆ ಅಂಟಿಸಿದ. ಅಂಗೈಯಿಂದ ಎರಡು ಸಲ ಸವರಿ, ಗಂಟು ಹೊತ್ತು, ಬಂದರಿನ ಕಡೆ ಇಳಿದು ಹೋದ.

ಗೋಡೆಗೆ ಏನನ್ನೂ ಅಂಟಿಸಬಾರದು ಎಂಬ ಕಾನೂನಿತ್ತು. ಸಾಹೇಬರು ಸಿಗರೇಟಿಗೆಂದು ಹೊರಗೆ ಬಂದವರು ಕಾಗದ ಕಂಡು ಕೆಂಡವಾಗಿ, ಅದನ್ನು ಕಿತ್ತರು. ಕೀಳುತ್ತ ಓದಿದರು. "ತಂಗೀ, ನಿನ್ನ ಅಣ್ಣ ಹ್ಯೊನ್ ಬಂದಿದ್ದೆ. ಸಂಜೆ ಐದರ ಹಡಗಿಗೆ ಹೋಗುತ್ತಿದ್ದೇನೆ. ನನಗೆ ವಯಸ್ಸಾಯಿತು, ಮತ್ತೆ ಬರಲಾರೆ."

ಆಗ ನೆನಪಾಯಿತು. ಮುಖವಲ್ಲ, ಮಾತು ನೆನಪಾಯಿತು: ಈ ಗೆರೆ ಇಟ್ಕೊಂಡೇ ಬರ್ತಾನೆ. ಸಾಹೇಬರು ಸಿಗರೇಟನ್ನು ಅರ್ಧಕ್ಕೇ ಎಸೆದು ಒಳಗೆ ಹೋಗಿ, ಅತ್ತಿತ್ತ ನೋಡಿ, ಅಡ್ಡಗೆರೆ ಬಿಟ್ಟು ಹೆಸರು ಒತ್ತಿದರು. ಯಂತ್ರ ತಡಮಾಡಲಿಲ್ಲ. ತಾಕ್ ಸೊಲ್ಮಿ, ಹೆಣ್ಣು, ಸಂತೆಗಲ್ಲಿ, ತೋಫು ಅಂಗಡಿ. ತಾವು ದಿನವೂ ಅನ್ನ ತಿನ್ನುವ ಮನೆ.

ಕೂಗಿದರೆ ಕೇಳುವಷ್ಟು ಹತ್ತಿರ. ಒಂದು ಮಾತು ಸಾಕಿತ್ತು.

ಆದರೆ ಮರುದಿನ ನಗರದ ಮುಖ್ಯ ಕಚೇರಿಯಿಂದ ಹಿರಿಯ ಅಧಿಕಾರಿ ಬರುವವರಿದ್ದರು. ಹೆಸರುಗಳನ್ನು ಒಂದೂ ತಪ್ಪಿಲ್ಲದೆ ಯಂತ್ರಕ್ಕೆ ತುಂಬಿಸಿದ ಬಡಾವಣೆ ಎಂದು ಫಲಕ ಕೊಡುವವರಿದ್ದರು. ಫಲಕ ಬಂದರೆ ಮೆಂಗ್ ಸಾಹೇಬರ ಕುರ್ಚಿಗೆ ಕೈಗಳು ಬರುತ್ತಿದ್ದವು; ಅಲ್ಲಿ ಕೈಯಿರುವ ಕುರ್ಚಿ ಮೇಲ್ದರ್ಜೆಯವರಿಗೆ ಮಾತ್ರ. ಈಗ ಹೋಗಿ ಹೇಳಿದರೆ? ಹೆಸರು ಕೊಯ್ದದ್ದು ಯಾರು, ಬೆಳಿಗ್ಗೆ ಇಲ್ಲವೆಂದದ್ದು ಯಾರು ಎಂದು ಆ ಬಾಯಿಬಡಕಿ ಬೀದಿಗೆಲ್ಲ ಸಾರುತ್ತಾಳೆ. ಒಂದು ಕಡೆ ಅಣ್ಣತಂಗಿಯರ ಇಡೀ ಜನ್ಮ, ಇನ್ನೊಂದು ಕಡೆ ಕುರ್ಚಿಯ ಎರಡು ಕೈ. ಸಾಹೇಬರು ತೂಗಿ ನೋಡಿದರು. ಅವರ ತಕ್ಕಡಿಯಲ್ಲಿ ಕುರ್ಚಿಯೇ ತೂಕ ಬಂತು. ಕಾಗದವನ್ನು ಮಡಚಿ ಕರವಸ್ತ್ರದ ಜೊತೆ ಜೇಬಿಗೆ ಸೇರಿಸಿದರು. ಆ ಮಧ್ಯಾಹ್ನ ಊಟಕ್ಕೂ ಇಳಿಯಲಿಲ್ಲ.

ಕೊನೆಗೆ ಅವರನ್ನು ಮೆಟ್ಟಿಲು ಇಳಿಸಿದ್ದು ಮನಸ್ಸಾಕ್ಷಿ ಎಂದು ಬರೆಯಲು ಆಸೆಯಾಗುತ್ತದೆ. ಅಲ್ಲ, ಹಸಿವು. ನಾಲ್ಕು ಗಂಟೆ ದಾಟುವಷ್ಟರಲ್ಲಿ ಹೊಟ್ಟೆ ತಾಳ ಹಾಕತೊಡಗಿತ್ತು.

"ಏನು ಸಾಹೇಬ್ರೇ, ಇವತ್ತು ಸೂರ್ಯ ಇಳಿದ್ಮೇಲೆ ಊಟ? ಸರ್ಕಾರ ಮುಳುಗೋಯ್ತೇನೋ ಅಂದ್ಕೊಂಡೆ" ಎನ್ನುತ್ತ ತಾಕ್ ಸೊಲ್ಮಿ ಕುದಿಯುವ ಸಾರಿನ ಮಣ್ಣಿನ ಬೋಗುಣಿಯನ್ನು ಮುಂದಿಟ್ಟಳು. ಮೂಲಂಗಿ ಕಿಮ್ಚಿ ಇಟ್ಟಳು.

ಸಾಹೇಬರು ತಲೆ ಎ‌ತ್ತದೆ ಉಂಡರು. ಗೋಡೆಯ ಗಡಿಯಾರ ಅವರ ಎದುರಿಗೇ ಇತ್ತು. ಹೇಳೋಣವೇ ಎಂದು ಒಂದು ತುತ್ತಿಗೆ ಅನ್ನಿಸಿತು, ಯಾಕೆ ಬೇಕು ಎಂದು ಮುಂದಿನ ತುತ್ತಿಗೆ. ಇನ್ನರ್ಧ ಗಂಟೆ ಕಳೆದರೆ ಹಡಗೇ ಹೋಗಿರುತ್ತದೆ, ಹೇಳುವ ಮಾತೇ ಉಳಿಯುವುದಿಲ್ಲ. ಹಾಗಂದುಕೊಂಡಾಗ ಅವರಿಗೆ ನಿರಾಳವಾಯಿತು, ಇನ್ನಷ್ಟು ಸಾರು ಕೇಳಿದರು. ಅವಳು ಬಡಿಸಿದಳು. ಒಣಮೆಣಸಿನ ಖಾರಕ್ಕೆ ಹಣೆಯಲ್ಲಿ ಬೆವರು ಇಳಿಯಿತು. ಒರೆಸಿಕೊಳ್ಳಲು ಕರವಸ್ತ್ರ ಎಳೆದರು.

ಮಡಚಿದ ಕಾಗದ ಜೇಬಿನಿಂದ ಜಾರಿ ಒದ್ದೆ ನೆಲದ ಮೇಲೆ ಬಿಚ್ಚಿಕೊಂಡು ಬಿತ್ತು.

"ಸಾಹೇಬ್ರೇ, ನಿಮ್ದೇನೋ ಬಿತ್ತು" ಎಂದು ಬಗ್ಗಿ ಎತ್ತಿದ ಸೊಲ್ಮಿ ಬಗ್ಗಿದಂತೆಯೇ ನಿಂತುಬಿಟ್ಟಳು. ಲೋಕದಲ್ಲಿ ಅವಳಿಗೆ ಓದಲು ಬರುತ್ತಿದ್ದ ಒಂದೇ ಮಾತು ಅಲ್ಲಿತ್ತು. ಒಲೆಬೂದಿಯ ಕಾಲದ ಅಪ್ಪನ ಗೆರೆ, ದಪ್ಪಗೆ, ಯಾರೂ ಕೊಯ್ಯದ ಗೆರೆ.

"ಒಕ್‌ಬುನ್! ಬಾರೇ ಇಲ್ಲಿ! ಇದರ ಕೆಳಗೆ ಏನು ಬರೆದಿದೆ ಓದೇ!"

ಮೀನಿನ ಕತ್ತಿ ಹಿಡಿದೇ ಬಂದ ಒಕ್‌ಬುನ್ ಗಟ್ಟಿಯಾಗಿ ಓದಿದಳು. ಐದರ ಹಡಗು ಎನ್ನುವಾಗ ಅವಳ ದನಿ ಸಣ್ಣದಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಯಾರೂ ಏನೂ ಕೇಳುವ ಮೊದಲೇ ಸಾಹೇಬರು, "ಗೋಡೆಗೆ ಅಂಟಿಸಬಾರದು ಅಂತ ಕಾನೂನಿದೆ" ಅಂದರು.

"ಇದು ಯಾವಾಗಿಂದ ಇದೆ ನಿಮ್ಮ ಜೇಬಲ್ಲಿ?"

"ಬೆಳಿಗ್ಗೆ... ನೋಡಿ ಅಜುಮ್ಮಾ, ಯಂತ್ರದಲ್ಲಿ..."

"ಬೆಳಿಗ್ಗೆಯಿಂದ! ಇದನ್ನ ಜೇಬಲ್ಲಿಟ್ಕೊಂಡು ನನ್ನ ಕೈಯಿಂದ ಎರಡು ಸಲ ಸಾರು ಬಡಿಸ್ಕೊಂಡ್ಯಲ್ಲೋ!" ದಕ್ಷಿಣದಲ್ಲಿ ಇಷ್ಟು ವರ್ಷ ಬಾಳಿ ನಯವಾಗಿದ್ದ ಅವಳ ನಾಲಿಗೆಗೆ ಹುಟ್ಟೂರು ಮರಳಿ ಬಂತು. "ನಿನ್ನ ಬಾಯಾಗ ಮಣ್ಣ ಹಾಕ! ಉಂಡ ಮನೀ ಜಂತಿ ಎಣಸಾಂವ, ಮನಶಾ ಏನಲೇ ನೀ?"

ಒಕ್‌ಬುನ್‌ಳ ಗಂಡನ ಮೀನಿನ ಗಾಡಿಯಲ್ಲಿ, ಮಂಜುಗಡ್ಡೆಯ ಪೆಟ್ಟಿಗೆಗಳ ನಡುವೆ ನಿಂತುಕೊಂಡೇ ಅವಳು ಬಂದರಿಗೆ ಹೋದಳು. ಸೊಂಟದ ಬಟ್ಟೆ ಬಿಚ್ಚಿರಲಿಲ್ಲ, ಕೈಯೆಲ್ಲ ಸೋಯಾ ಹಾಲಿನ ಜಿಗುಟು.

ಹಡಗು ಹೊರಟಿರಲಿಲ್ಲ. ಆದರೆ ಹೋಗುವವರನ್ನು ತಪಾಸಣೆ ಮಾಡಿ ಗಾಜಿನ ಗೋಡೆಯ ಆಚೆ ನಿಲ್ಲಿಸಿದ್ದರು, ಬಾಗಿಲು ಹಾಕಿ ಬೀಗ ಜಡಿದಿತ್ತು. ನೀಲಿ ಟೊಪ್ಪಿಗೆಯ ಮುದುಕರು ಆ ಸಾಲಿನಲ್ಲಿ ಹಲವರಿದ್ದರು. ಅವಳು ಗಾಜನ್ನು ಬಡಿದಳು. ಹಲವರು ತಿರುಗಿ ನೋಡಿದರು, ಯಾವ ಮುಖವೂ ಅವಳ ನೆನಪಿನ ಹುಡುಗನದಾಗಿರಲಿಲ್ಲ. ಅವರಿಗೂ ಅವಳು ಯಾರೋ ಹುಚ್ಚು ಮುದುಕಿ. ಕೂಗಿದ್ದು ಗಾಜು ದಾಟಲಿಲ್ಲ.

ಆಗ ಅವಳು ಗಾಜಿನ ಮೇಲೆ ಉಸಿರು ಬಿಟ್ಟು, ಮಬ್ಬಾದ ಜಾಗದಲ್ಲಿ ಬೆರಳಿನಿಂದ ಹೆಸರು ಬರೆದಳು. ಆಚೆಯವರಿಗೆ ಅಕ್ಷರವೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು. ಅಡ್ಡಗೆರೆಗೆ ಮಾತ್ರ ಎಡವೂ ಇಲ್ಲ ಬಲವೂ ಇಲ್ಲ. ಸಾಲಿನ ಕೊನೆಯಿಂದ ಒಬ್ಬ ಮುದುಕ ಗಂಟನ್ನು ನೆಲಕ್ಕೆ ಬಿಟ್ಟು, ಜನರನ್ನು ತಳ್ಳಿಕೊಂಡು ಬಂದ. ಗಾಜಿಗೆ ಹಣೆ ಹಚ್ಚಿದ. ಆಚೆ ಕಡೆಯಿಂದ ಅವಳ ಅಡ್ಡಗೆರೆಯ ಮೇಲೆಯೇ ತನ್ನ ಬೆರಳು ಎಳೆದ.

"ಒರಾಬೊನಿ! ಅಣ್ಣಾ!" ಎಂದು ಅವಳು ಅಂದದ್ದು ಅವನಿಗೆ ಕೇಳಿಸಲಿಲ್ಲ. ಅವನ ಬಾಯಿ ಅಲ್ಲಾಡಿದ್ದು ಇವಳಿಗೆ ಕೇಳಿಸಲಿಲ್ಲ. ಸಾಲು ಸರಿಯಿತು, ಸಿಬ್ಬಂದಿಯವನು ಮುದುಕನ ಭುಜ ಹಿಡಿದು ಮೆಲ್ಲಗೆ ಕರೆದುಕೊಂಡು ಹೋದ. ಇಡೀ ದಿನ ಇತ್ತು ಅವರಿಬ್ಬರಿಗೆ. ಕೂತು ಉಣ್ಣಬಹುದಿತ್ತು, ಅಪ್ಪನ ಮಾತಾಡಬಹುದಿತ್ತು, ಅಳಬಹುದಿತ್ತು. ದಕ್ಕಿದ್ದು ಗಾಜಿನ ಮೇಲಿನ ಒಂದು ಉಸಿರು ಆರುವಷ್ಟು ಹೊತ್ತು. ಉಳಿದದ್ದನ್ನು ಮೆಂಗ್ ಜುನ್‌ಹಿ ಜೇಬಿನಲ್ಲಿಟ್ಟುಕೊಂಡು ತಿರುಗಿದ್ದ.

ಮರುದಿನ ಬೆಳಿಗ್ಗೆ ಕಚೇರಿಗೆ ಹೂಗುಚ್ಛ ಬಂದಿತ್ತು. ನಗರದ ಹಿರಿಯ ಅಧಿಕಾರಿ ಬಂದಿದ್ದರು. ಸಾಹೇಬರು ಹೊಸ ಟೈ ಕಟ್ಟಿ, ಹಲಗೆಯನ್ನು ತೋಳಿನಿಂದ ಒರೆಸಿ, ಡ್ರಾಗನ್‌ಗಳು ಬಂದವರ ಕಡೆ ನೋಡುವಂತೆ ತಿರುಗಿಸಿಟ್ಟಿದ್ದರು. ಅಧಿಕಾರಿ ಫಲಕದ ರೇಷ್ಮೆ ಬಟ್ಟೆಗೆ ಕೈ ಹಾಕುವಷ್ಟರಲ್ಲಿ ತಾಕ್ ಸೊಲ್ಮಿ ಒಳಗೆ ಬಂದಳು. ಹಿಂದೆ ಒಕ್‌ಬುನ್, ಅವಳ ಹಿಂದೆ ಅರ್ಧ ಸಂತೆಗಲ್ಲಿ.

"ಸಾಲಲ್ಲಿ ನಿಂತಿದ್ದೋರು ಹೇಳಿದ್ರು, ನಿನ್ನೆ ನನ್ನ ಈ ದೇಶದಲ್ಲೇ ಇಲ್ಲ ಅಂದ್ರಂತಲ್ಲ ಸಾಹೇಬ್ರೇ, ಆ ಇಲ್ಲದೋಳು ಬಂದಿದೀನಿ. ನಮ್ಮಣ್ಣ ಬಂದಾಗ ಗೆರೆ ಎಳೆದುಕೊಡೋಣ ಅಂದಿದ್ರಿ. ಬಂದಿದ್ದ. ಕೊಡಿ ನನ್ನ ಗೆರೆ."

"ಅಜುಮ್ಮಾ, ಇದು ಸಮಯ ಅಲ್ಲ, ದೊಡ್ಡೋರು ಕೂತಿದಾರೆ," ಸಾಹೇಬರು ಹಲ್ಲು ಕಚ್ಚಿ ನಕ್ಕರು. "ಯಂತ್ರದಲ್ಲಿ ಆ ಅಕ್ಷರ ಇಲ್ಲ ಅಂತ ಹೇಳಿದೀನಲ್ಲ. ಕಿವಿಗೆ ಎರಡೂ ಒಂದೇ. ಒಂದು ಗೆರೆಯಲ್ಲಿ ಏನಿದೆ?"

"ಏನೂ ಇಲ್ವಾ?"

"ಏನೂ ಇಲ್ಲ!"

"ಸರಿ ಹಾಗಾದ್ರೆ" ಎಂದು ಅವಳು ಸೊಂಟದಿಂದ ತೋಫು ಕೊಯ್ಯುವ ಚೂರಿ ತೆಗೆದಳು. ಸಾಹೇಬರು ಕುರ್ಚಿಸಮೇತ ಹಿಂದಕ್ಕೆ ಸರಿದರು. ಚೂರಿ ಅವರ ಕಡೆ ಹೋಗಲಿಲ್ಲ. ಅವಳು ಹೆಸರಿನ ಹಲಗೆಯನ್ನು ಎಡಗೈಯಲ್ಲಿ ಒತ್ತಿ ಹಿಡಿದು, ಕೊನೆಯ ಅಕ್ಷರದ ಕೆಳಗೆ ಚೂರಿಯ ಮೊನೆ ತೂರಿಸಿ ಒಮ್ಮೆ ಮೀಟಿದಳು. ಚಿಪ್ಪಿನ ಅಡ್ಡಗೆರೆ ಟಿಕ್ ಎಂದು ಎದ್ದು ಅವಳ ಅಂಗೈಗೆ ಬಿತ್ತು.

"ನನ್ನ ಹೆಸರು!" ಎಂದು ಸಾಹೇಬರು ಕಿರುಚಿದರು.

"ಹೆಸರು ಅಲ್ಲೇ ಇದೆಯಲ್ಲ. ಕಿವಿಗೆ ಒಂದೇ."

ಹಿರಿಯ ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಹಲಗೆಯನ್ನು ಓದಿದರು. "ಮೆಂಗ್... ಜುನ್... ಹಿ" ಎಂದರು, ಆ ಹಿ ಬಾಯಿಂದ ಹೊರಟದ್ದೇ ತಡ, ತಡೆಯಲಾಗದೆ ಅವರಿಗೇ ನಗು ಬಂತು. ಅರ್ಧ ಸಂತೆಗಲ್ಲಿ ಹಿ ಹಿ ಎಂದಿತು. ಆಮೇಲೆ ಅವರು ನಗು ನಿಲ್ಲಿಸಿ, ಗೋಡೆಯಿಂದ ಕಿತ್ತ ಕಾಗದದ ಕಥೆಯನ್ನು ಒಕ್‌ಬುನ್‌ಳಿಂದ ಪೂರ್ತಿ ಕೇಳಿ, ಫಲಕವನ್ನು ರೇಷ್ಮೆ ಬಟ್ಟೆಸಮೇತ ಕಾರಿಗೆ ವಾಪಸು ಕಳಿಸಿದರು.

ಕುರ್ಚಿಗೆ ಕೈಗಳು ಬರಲಿಲ್ಲ. ಚಳಿಗಾಲ ಕಳೆಯುವ ಮೊದಲು ನದಿಯಾಚೆಯಿಂದ, ಅಣ್ಣ ತೀರಿಹೋದನೆಂಬ ಸುದ್ದಿ ಬಂತು. ಅಲ್ಲಿಯವರೆಗೂ ಹೆಸರೇ ಇಲ್ಲದಿದ್ದ ತೋಫು ಅಂಗಡಿಗೆ ಸೊಲ್ಮಿ ಒಂದು ಮರದ ಹಲಗೆ ಹಾಕಿಸಿದಳು. ತನ್ನ ಹೆಸರನ್ನು ಇದ್ದಿಲಿನಲ್ಲಿ ತಾನೇ ಬರೆದಳು. ಕೊನೆಯ ಅಕ್ಷರದ ಅಡ್ಡಗೆರೆಯನ್ನು ಮಾತ್ರ ಬರೆಯಲಿಲ್ಲ. ಆ ಜಾಗಕ್ಕೆ ಚಿಪ್ಪಿನ ಚೂರನ್ನು ಅಂಟಿಸಿದಳು. ಬೆಳಗಿನ ಬಿಸಿಲಿಗೆ ಅದು ಕಚೇರಿಯ ಕಿಟಕಿಯವರೆಗೂ ಹೊಳೆಯುತ್ತದೆ.

ಮೆಂಗ್ ಸಾಹೇಬರು ದಿನವೂ ಅದರ ಕೆಳಗೇ ಹಾದು ಹೋಗುತ್ತಾರೆ, ಹಸಿದುಕೊಂಡು. ಅವರ ಮೇಜಿನ ಹಲಗೆ ಇವತ್ತಿಗೂ ಕಿಸಕ್ಕನೆ ನಗುತ್ತಲೇ ಇದೆ. ಒಂದು ಸಲ ತಲೆ ತಗ್ಗಿಸಿ ಕೇಳಿದರೆ ಸೊಲ್ಮಿ ಆ ಚಿಪ್ಪಿನ ಚೂರನ್ನು ಕಿತ್ತು ಕೊಟ್ಟಾಳು. ಆದರೆ ಕೇಳಬೇಕಾದರೆ, ಒಂದು ಗೆರೆಯಲ್ಲಿ ಏನೋ ಇದೆ ಎಂದು ಅವರು ಬಾಯಿಬಿಟ್ಟು ಹೇಳಬೇಕು.